ಅಜ್ಜಿಯ ಇಳಕಲ್ ಸೀರೆಯಿಂದ ಕುಶನ್ ಕವರ್: ಮೊದಲನೆಯದೇ ಹರಿಯಿತು

ಮುತ್ತುಗದ ಹೂ, ಮೈಸೂರು

ಹೊಲಿಗೆ ಬಲ್ಲವರ ಮುಂದೆ ಒಂದು ದೂರು ತಂದಿದ್ದೇನೆ. ಯಾರ ಮೇಲೆ ಎಂದು ಗೊತ್ತಿಲ್ಲ, ಬಹುಶಃ ನನ್ನ ಮೇಲೆಯೇ.

ಬಾಗಲಕೋಟೆಯ ಅಜ್ಜಿ ಹೋಗಿ ಹನ್ನೊಂದು ವರ್ಷವಾಯಿತು. ಕಳೆದ ಬೇಸಿಗೆಯಲ್ಲಿ ಸೋದರಮಾವ ಅವರ ಟ್ರಂಕು ತೆಗೆದು ಸೀರೆಗಳನ್ನು ಹಂಚಿದಾಗ ನನ್ನ ಪಾಲಿಗೆ ಒಂದು ಇಳಕಲ್ ಬಂತು. ಕಪ್ಪು ಒಡಲು, ಕೆಂಪು ಸೆರಗು, ಕೆಂಪು ದಡಿ. ಉಡುವ ಸ್ಥಿತಿಯಲ್ಲಿಲ್ಲ. ಸೊಂಟಕ್ಕೆ ಸಿಕ್ಕಿಸುವ ಕಡೆ ಜಾಳಾಗಿದೆ, ಕಾಲ ಬಳಿ ಎರಡು ಕಡೆ ಯಾರೋ ತೇಪೆ ಹಾಕಿದ್ದಾರೆ. ನುಸಿಗುಳಿಗೆ ಹಾಕಿ ಬೀರುವಿನಲ್ಲಿ ಇಡುವುದಕ್ಕಿಂತ ಕಣ್ಣೆದುರು ಇರಲಿ ಎಂದು ಸೋಫಾಕ್ಕೆ ಐದು ಕುಶನ್ ಕವರ್ ಹೊಲಿಯಲು ಹೊರಟೆ.

ಮೊದಲನೆಯದನ್ನು ಸೆರಗಿನಿಂದಲೇ ಮಾಡಿದೆ, ಚೆಂದವಿರುವುದು ಅದೇ ಅಲ್ಲವೇ. 16 ಇಂಚಿನ ದಿಂಬಿಗೆ 17 ಇಂಚು ಚೌಕ ಕತ್ತರಿಸಿ, ಸುತ್ತ ಅರ್ಧ ಇಂಚು ಬಿಟ್ಟು ಹೊಲಿದೆ. ಹಿಂಬದಿಗೆ ಹೊಸ ಕಪ್ಪು ಬಟ್ಟೆ, ಜಿಪ್. ಎರಡು ದಿನ ಎಲ್ಲರಿಗೂ ಕರೆದು ತೋರಿಸಿದೆ. ಮೂರನೆಯ ದಿನ ಮಗ ಒರಗಿಕೊಂಡು ಕ್ರಿಕೆಟ್ ನೋಡಿ ಎದ್ದಾಗ ಹೊಲಿಗೆಯ ಪಕ್ಕದಲ್ಲಿ ನಾಲ್ಕು ಇಂಚು ಸೀಳಿತ್ತು. ವಿಚಿತ್ರವೆಂದರೆ ದಾರ ಹರಿದಿಲ್ಲ, ಹೊಲಿಗೆ ಬಿಟ್ಟಿಲ್ಲ. ಸ್ಕೇಲಿಟ್ಟು ಕೊಯ್ದ ಹಾಗೆ ಬಟ್ಟೆಯೇ ಹೋಗಿದೆ. ಉಳಿದ ಸೀರೆಗೆ ಕತ್ತರಿ ಹಾಕಲು ಈಗ ಕೈ ಬರುತ್ತಿಲ್ಲ. ದೀಪಾವಳಿಗೆ ಅತ್ತೆಯ ಮನೆಯವರೆಲ್ಲ ಬರುತ್ತಾರೆ.

ಕತ್ತರಿ ಟೇಪು, ದಾವಣಗೆರೆ

ಮೂರು ಪ್ರಶ್ನೆ. ಸೂಜಿ ಎಷ್ಟನೆಯ ನಂಬರು? ಹೊಲಿಗೆ ಎಷ್ಟು ಸಣ್ಣದು? ದಾರ ಯಾವುದು? ಉತ್ತರ ಬರಲಿ, ಆಮೇಲೆ ಹೇಳುತ್ತೇನೆ.

ಧಾರವಾಡದವಳು

ನನ್ನದು ಬೇರೆಯೇ ಪ್ರಶ್ನೆ. ಅಜ್ಜಿಯ ಸೀರೆಯನ್ನು ಕತ್ತರಿಸಲು ಮನಸ್ಸಾದರೂ ಹೇಗೆ ಬಂತು? ನೋಯಿಸಲು ಕೇಳುತ್ತಿಲ್ಲ. ಕುಶನ್ ಎಂದರೆ ಮಕ್ಕಳು ಕಾಲಡಿಗೆ ಹಾಕಿಕೊಳ್ಳುತ್ತಾರೆ, ಬಂದವರು ಚಹಾ ಚೆಲ್ಲುತ್ತಾರೆ. ಇನ್ನೊಂದು, ಕಪ್ಪು ಒಡಲು ಎಂದಿರಿ. ಕಸೂತಿ ಹಾಕುವ ಆ ಕಪ್ಪು ರೇಷ್ಮೆ ಸೀರೆ, ಚಂದ್ರಕಾಳಿಯೇ? ಅದರ ಮೇಲೆ ಕಸೂತಿ ಇದೆಯೇ? ಇದ್ದರೆ ಇವತ್ತೇ ಕತ್ತರಿ ಕೆಳಗಿಡಿ.

ಮುತ್ತುಗದ ಹೂ, ಮೈಸೂರು

ಮಾಸ್ಟರ್, ಸೂಜಿ ಯಂತ್ರದಲ್ಲಿ ಇದ್ದದ್ದೇ. ಬಿಚ್ಚಿ ನೋಡಿದೆ, 16 ಎಂದಿದೆ. ಹಿಂದೆ ಮಗನ ಜೀನ್ಸ್ ಮಡಚಿ ಹೊಲಿಯಲು ಹಾಕಿದ್ದೆ. ಹೊಲಿಗೆ ಗಟ್ಟಿಯಾಗಿರಲಿ ಎಂದು 1.5ಕ್ಕೆ ತಿರುಗಿಸಿದ್ದೆ. ದಾರ ಪಾಲಿಯೆಸ್ಟರ್.

ಅಕ್ಕಾ, ಚಂದ್ರಕಾಳಿ ಅಲ್ಲ. ಒಡಲು ನೂಲು, ಸೆರಗು ಮಾತ್ರ ರೇಷ್ಮೆ. ನೀವು ಕೇಳಿದ ಮೇಲೆ ಹಾಸಿಗೆಯ ಮೇಲೆ ಪೂರ್ತಿ ಹರಡಿ ನೋಡಿದೆ. ಸೆರಗಿನ ಹತ್ತಿರ ಒಡಲಿನ ಮೇಲೆ ಒಂದು ಅಂಗೈ ಅಗಲದಲ್ಲಿ ಬಿಳಿ ದಾರದ ತೇರು, ಅದರ ಪಕ್ಕ ಎರಡು ಚಿಕ್ಕ ಗೋಪುರ ಇವೆ. ನೇಯ್ಗೆಯಲ್ಲೇ ಬಂದ ಚಿತ್ರವೆಂದು ಇಷ್ಟು ದಿನ ತಿಳಿದಿದ್ದೆ.

ಕತ್ತರಿ ಟೇಪು, ದಾವಣಗೆರೆ

ಹಾಗಾದರೆ ಕಾರಣ ಸಿಕ್ಕಿತು. 16ರ ಸೂಜಿಯ ದಪ್ಪ ಒಂದು ಮಿಲಿಮೀಟರು. ನೀವು ಇಟ್ಟ ಹೊಲಿಗೆ ಒಂದೂವರೆ ಮಿಲಿಮೀಟರಿಗೆ ಒಂದು. ಎರಡು ತೂತುಗಳ ನಡುವೆ ಉಳಿದ ಬಟ್ಟೆ ಎಷ್ಟು? ಅರ್ಧ ಮಿಲಿಮೀಟರು. ಅಂಚೆಚೀಟಿಯ ಹಾಳೆಯಲ್ಲಿ ಚೀಟಿಗಳ ನಡುವೆ ತೂತು ಹಾಕಿರುತ್ತಾರಲ್ಲ, ನೀವು ಮಾಡಿದ್ದೂ ಅದನ್ನೇ. ಅಲ್ಲಿ ಹರಿಯಲಿ ಎಂದೇ ಹಾಕಿರುತ್ತಾರೆ.

ಸಣ್ಣ ಹೊಲಿಗೆ ಗಟ್ಟಿ ಎನ್ನುವುದು ಹೊಸ ಬಟ್ಟೆಯ ಮಾತು. ಸೋತ ಬಟ್ಟೆಗೆ ಉದ್ದ ಹೊಲಿಗೆ, ಸಣ್ಣ ಸೂಜಿ. 11ರ ಹೊಸ ಸೂಜಿ ಹಾಕಿ, ಹೊಲಿಗೆ ಎರಡೂವರೆಯಿಂದ ಮೂರರಲ್ಲಿ ಇಡಿ, ಅಂದರೆ ಇಂಚಿಗೆ ಒಂಬತ್ತು ಹತ್ತು ಬೀಳಬೇಕು. ದಾರವೂ ಬದಲಾಗಲಿ. ಪಾಲಿಯೆಸ್ಟರ್ ದಾರ ನಿಮ್ಮ ಸೆರಗಿಗಿಂತ ಗಟ್ಟಿ. ಎಳೆತ ಬಿದ್ದಾಗ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಹತ್ತಿಯ ದಾರವಾದರೆ ಮೊದಲು ದಾರ ಹೋಗುತ್ತದೆ, ಅದನ್ನು ಮತ್ತೆ ಹೊಲಿಯಬಹುದು. ಬಟ್ಟೆ ಹೋದರೆ ಏನು ಮಾಡುತ್ತೀರಿ?

ಅಳತೆಯೂ ಕಾರಣವೇ. ಅಂಗಡಿಯ ಹೊಸ ಬಟ್ಟೆಯಾದರೆ ಕವರು ದಿಂಬಿಗಿಂತ ಅರ್ಧ ಇಂಚು ಚಿಕ್ಕದಿರಬೇಕು, ಆಗ ದಿಂಬು ಮೈತುಂಬಿ ನಿಲ್ಲುತ್ತದೆ. ಹಳೆಯ ಸೀರೆಗೆ ಆ ಬಿಗಿ ಬೇಡ. ಅರ್ಧ ಇಂಚು ದೊಡ್ಡದೇ ಇರಲಿ.

ಕೃಷ್ಣಾ ತೀರದವನು

ನಮ್ಮದು ನೇಕಾರರ ಮನೆ. ಮಾಸ್ಟರ್ ಹೇಳಿದ್ದು ಸರಿ, ಅದಕ್ಕೆ ಒಂದು ಸೇರಿಸುತ್ತೇನೆ. ಇಳಕಲ್ ಸೀರೆಯ ಸೆರಗು ಮತ್ತು ಒಡಲು ಒಂದೇ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಲ್ಲಿ, ಬರುವುದಿಲ್ಲ. ಒಡಲಿಗೆ ಒಂದು ಹಾಸು, ಸೆರಗಿಗೆ ರೇಷ್ಮೆಯ ಬೇರೆ ಹಾಸು, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಸೀರೆ ಹರಡಿ ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ನೋಡಿ, ಗಂಟುಗಳ ಸಾಲಿನಂತೆ ಸಣ್ಣ ಉಬ್ಬು ತಾಗುತ್ತದೆ. ಆ ಗೆರೆ ನಿಮ್ಮ ಹೊಲಿಗೆಯ ಅಂಚಿಗೆ ಬರಲೇಬಾರದು. ಇಟ್ಟುಕೊಳ್ಳುವುದಾದರೆ ಕವರಿನ ನಟ್ಟನಡುವೆ ಬರುವಂತೆ ಕತ್ತರಿಸಿ, ಅರ್ಧ ಕಪ್ಪು ಅರ್ಧ ಕೆಂಪು ನೋಡಲೂ ಚೆನ್ನ.

ಸೆರಗು ಮೊದಲು ಸೋಲುವುದಕ್ಕೆ ಕಾರಣವೂ ಇದೆ. ಅಜ್ಜಿ ಅದನ್ನು ತಲೆಗೆ ಹೊದ್ದಿರುತ್ತಾರೆ, ಬೆವರು ಒರೆಸಿಕೊಂಡಿರುತ್ತಾರೆ, ಹೊಲದಲ್ಲಿ ಬಿಸಿಲು ಬಿದ್ದಿರುತ್ತದೆ. ಬೆವರು, ಬಿಸಿಲು ಎರಡೂ ರೇಷ್ಮೆಗೆ ಆಗಿ ಬರುವುದಿಲ್ಲ. ಒಡಲು ನೂಲು, ಅದು ತಡೆಯುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಉಳಿದಿರುವುದು ಒಳಗೆ ಸುತ್ತುವ ತುದಿ. ಅದು ಬೆಳಕನ್ನೇ ಕಂಡಿರುವುದಿಲ್ಲ, ಬಣ್ಣವೂ ಹಾಗೇ ಇರುತ್ತದೆ.

ಲೆಕ್ಕದ ಮೇಷ್ಟ್ರು, ತುಮಕೂರು

ಹೆಂಡತಿ ಹೊಲಿಯುತ್ತಾಳೆ, ಕತ್ತರಿಸುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿಕೊಡುವ ಕೆಲಸ ನನ್ನದು. ನಿವೃತ್ತನಿಗೆ ಬೇರೆ ಏನಿದೆ.

ಸೀರೆಯ ಪನ್ನ, ಅಂದರೆ ಅಗಲ, 46 ಇಂಚು ಎಂದುಕೊಳ್ಳಿ. ದಡಿ ತಲಾ 5 ಇಂಚಿನಂತೆ ಎರಡು ಕಡೆ ಹತ್ತು ಹೋದರೆ ಒಡಲು 36. 17ರ ಎರಡು ಚೌಕ ಪಕ್ಕಪಕ್ಕ ಕೂರುತ್ತವೆ, ಎರಡು ಇಂಚು ಮಿಗುತ್ತದೆ. ಅಂದರೆ ನಾಲ್ಕು ಕವರಿನ ಮುಂಬದಿಗೆ ಬೇಕಾದ ಉದ್ದ 34 ಇಂಚು, ಒಂದು ಗಜವೂ ಇಲ್ಲ. ಸೀರೆ ಆರು ಗಜವೋ ಎಂಟು ಗಜವೋ ಇರುತ್ತದೆ. ಅಷ್ಟು ಬಟ್ಟೆಯಲ್ಲಿ ಗಟ್ಟಿಯಾದ ಒಂದು ಗಜ ಹುಡುಕಲು ಏನು ಕಷ್ಟ? ಹಗಲಿನಲ್ಲಿ ಕಿಟಕಿಗೆ ಅಡ್ಡ ಹಿಡಿಯಿರಿ. ಬೆಳಕು ಒಂದೇ ಸಮನೆ ಬರುವ ಕಡೆ ಗಟ್ಟಿ, ಚುಕ್ಕಿಚುಕ್ಕಿಯಾಗಿ ಸೋರುವ ಕಡೆ ಸೀಮೆಸುಣ್ಣದಿಂದ ಗೀಟು ಹಾಕಿ ಬಿಟ್ಟುಬಿಡಿ.

ಧಾರವಾಡದವಳು

ತೇರು, ಗೋಪುರ ಎಂದಿರಿ. ಅದು ನೇಯ್ಗೆಯಲ್ಲ ತಂಗಿ, ಕಸೂತಿ. ಮಗುಚಿ ನೋಡಿ. ಒಳಮೈಯೂ ಹೊರಮೈಯಂತೆಯೇ ಕಂಡರೆ ಅದು ಗವಂತಿ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾರೆ, ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಜಾಗ ತುಂಬುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ಮುರ್ಗಿ. ಗೀಟು ಎಳೆದುಕೊಂಡು, ಅಚ್ಚು ಒತ್ತಿಕೊಂಡು ಹಾಕುವುದಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವುದು, ಒಂದು ಎಳೆ ತಪ್ಪಿದರೆ ತೇರು ವಾಲುತ್ತದೆ. ಎಲ್ಲೂ ಗಂಟು ಸಿಗುವುದಿಲ್ಲ, ಹುಡುಕಿ.

ನಿಮ್ಮ ಅಜ್ಜಿಯೇ ಹಾಕಿದ್ದಿರಬಹುದು. ಅಮ್ಮನನ್ನು ಕೇಳಿದಿರಾ?

ಮುತ್ತುಗದ ಹೂ, ಮೈಸೂರು

ಮಗುಚಿದೆ. ಎರಡೂ ಕಡೆ ಒಂದೇ! ಗಂಟು ಸಿಗಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ‘ಅವಳು ಹಾಕಿದ್ದೇ. ನಿನ್ನ ದೊಡ್ಡಮಾವ ಹೊಟ್ಟೆಯಲ್ಲಿದ್ದಾಗ ಕೂತು ಕೂತು ಹಾಕಿದ್ದಳಂತೆ’ ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ‘ನೀನು ಕೇಳಿದೆಯಾ?’ ಎಂದರು. ಕುಶನ್ ಮಾಡುತ್ತಿದ್ದೇನೆ ಎಂದಿದ್ದಕ್ಕೆ ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ‘ಕೌದಿಗೆ ಹಾಕಬೇಕಿತ್ತು, ಯಾರೂ ಹಾಕಲಿಲ್ಲ’ ಎಂದಷ್ಟೇ ಹೇಳಿದರು.

ಯಲ್ಲಾಪುರದ ದಾರಿ

ನಿಮ್ಮ ಅಮ್ಮ ಸರಿಯಾದ ಮಾತು ಹೇಳಿದ್ದಾರೆ. ಧಾರವಾಡದ ಅಕ್ಕನ ಸಂಕಟ ಅರ್ಥವಾಗುತ್ತದೆ, ಆದರೆ ಹಳೆಯ ಸೀರೆಯನ್ನು ಕತ್ತರಿಸಬಾರದು ಎನ್ನುವುದು ನಮ್ಮ ಕಾಲದ ಭಾವನೆ. ಅಜ್ಜಿಯಂದಿರಿಗೆ ಅದು ಇರಲಿಲ್ಲ. ಸೀರೆ ಸೋತರೆ ಕೌದಿಯ ಮೇಲ್ಪದರ, ಇನ್ನೂ ಸೋತರೆ ಒಳಪದರ, ಮೆತ್ತಗಿನ ತುಂಡು ಬಾಣಂತಿಯ ಕೋಣೆಗೆ, ಚಿಂದಿಯಾದದ್ದು ಮಸಿಬಟ್ಟೆಗೆ. ಅಜ್ಜಿಯ ಸೀರೆಯ ಕೌದಿಯ ಮೇಲೆ ಮಲಗಿಯೇ ನಾವೆಲ್ಲ ಬೆಳೆದದ್ದು, ಹಾಸಿಗೆ ಒದ್ದೆಯನ್ನೂ ಅದರ ಮೇಲೆಯೇ ಮಾಡಿದ್ದು. ಕುಶನ್ನಿಗೆ ಒರಗಿದರೆ ಅಪಚಾರವೇನಿಲ್ಲ.

ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಾಕುವ ಕೌದಿ ನೋಡಿದ್ದೀರಾ? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಹೋದವರು ನೋಡಿರುತ್ತೀರಿ. ತಳಕ್ಕೆ ಒಂದು ಸೀರೆ ಹಾಸಿ, ಅಂಚಿನ ಒಂದು ಮೂಲೆಯಿಂದ ತುಂಡು ಇಡುತ್ತಾ, ತುಂಡಿನ ಅಂಚನ್ನು ಕೈಯಲ್ಲೇ ಮಡಚುತ್ತಾ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ. ಸೂಜಿ ದಾರ ಬಿಟ್ಟು ಬೇರೇನೂ ಇಲ್ಲ, ಅಳತೆಪಟ್ಟಿಯೂ ಇಲ್ಲ. ಕೊನೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯ ಚೂರು ಮಡಚಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ.

ನಿಮಗೆ ಇದರಿಂದ ಉಪಯೋಗವಾಗುವುದು ಇಷ್ಟು. ಸೋತ ಬಟ್ಟೆ ಒಂಟಿಯಾಗಿ ನಿಲ್ಲುವುದಿಲ್ಲ, ಅಡಿಯಲ್ಲಿ ಇನ್ನೊಂದು ಪದರ ಬೇಕು, ಎರಡನ್ನೂ ಉದ್ದಕ್ಕೂ ಹಿಡಿದಿಡುವ ಹೊಲಿಗೆ ಬೇಕು. ಕೌದಿ ಇಪ್ಪತ್ತು ವರ್ಷ ಬಾಳುವುದು ಅದರಿಂದಲೇ. ಎಳೆತ ಒಂದು ಗೆರೆಯ ಮೇಲೆ ಬೀಳದೆ ನೂರು ಗೆರೆಗೆ ಹಂಚಿಹೋಗುತ್ತದೆ.

ಹೊಸ ಕೈ, ಬೆಂಗಳೂರು

ಅಡಿಪದರಕ್ಕೆ ಇಸ್ತ್ರಿಯಲ್ಲಿ ಅಂಟಿಸುವ ಪೇಸ್ಟಿಂಗ್ ಬಟ್ಟೆ ಸಿಗುತ್ತದಲ್ಲ, ಅದನ್ನು ಬಳಸಿದರೆ ಹೊಲಿಯುವ ಕೆಲಸವೇ ತಪ್ಪುತ್ತದೆ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ತಂದಿದ್ದೆ.

ಕತ್ತರಿ ಟೇಪು, ದಾವಣಗೆರೆ

ಅದು ಷರ್ಟಿನ ಕಾಲರಿಗೆ. ಜಾಳುಬಿದ್ದ ರೇಷ್ಮೆಯ ಸಂದಿಯಿಂದ ಅಂಟು ಹೊರಮೈಗೆ ಇಣುಕುತ್ತದೆ. ಎರಡು ಸಲ ಒಗೆದ ಮೇಲೆ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಕುಶನ್ನು ಮೆತ್ತಗಿರಬೇಕು, ರಟ್ಟಿನ ಹಾಗಲ್ಲ.

ಮಾದರಪಾಟ, ಅಂದರೆ ಸಾದಾ ಹತ್ತಿ ಬಟ್ಟೆ ತನ್ನಿ, ಇಲ್ಲವೇ ತೆಳ್ಳಗಿನ ಹತ್ತಿಯ ಮಲ್. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹಿಂಡಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಕುಗ್ಗಿ ಮುಗಿದಿರುವ ಅಜ್ಜಿಯ ಸೀರೆ ಮೇಲೆ ಸುಕ್ಕಾಗಿ ನಿಲ್ಲುತ್ತದೆ. ಸೀರೆಯ ತುಂಡನ್ನು ಅದರ ಮೇಲೆ ಹರಡಿ, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ, ಸುತ್ತ ಕಾಲಿಂಚಿನಲ್ಲಿ ಕಚ್ಚಾ ಹೊಲಿಗೆ ಹಾಕಿ. ಇನ್ನು ಮುಂದೆ ಅದು ಎರಡು ಬಟ್ಟೆಯಲ್ಲ, ಒಂದೇ ಬಟ್ಟೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮೂವತ್ತೈದು ವರ್ಷ ಅಂಗಡಿ ನಡೆಸಿದೆ. ‘ಬರೀ ಕುಶನ್ ಕವರ್ ತಾನೇ, ಸುಮ್ಮನೆ ಹೊಲಿದುಕೊಡಿ’ ಎನ್ನುತ್ತಿದ್ದ ಗಿರಾಕಿಗಳೇ ಹೆಚ್ಚು. ನಾಲ್ಕು ಮೂಲೆ ಒಂದೇ ಸಮ ಬರಿಸುವುದು ಷರ್ಟಿನ ತೋಳು ಕೂರಿಸುವುದಕ್ಕಿಂತ ಕಷ್ಟ. ತೋಳಿನ ತಪ್ಪು ಕಂಕುಳಲ್ಲಿ ಅಡಗುತ್ತದೆ.

ಕಡಲತಡಿ, ಕುಂದಾಪುರ

ಮೂಲೆಯ ಮಾತು ಬಂತಲ್ಲ, ಅದನ್ನೇ ಕೇಳಬೇಕೆಂದಿದ್ದೆ. ನಾನು ಹೊಲಿದ ಕವರುಗಳ ಮೂಲೆಗಳು ಮೊಲದ ಕಿವಿಯ ಹಾಗೆ ಚೂಪಾಗಿ ಖಾಲಿ ನಿಲ್ಲುತ್ತವೆ. ದಿಂಬು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಕತ್ತರಿ ಟೇಪು, ದಾವಣಗೆರೆ

ಚೌಕವನ್ನು ಚೌಕವಾಗಿಯೇ ಹೊಲಿದರೆ ಹಾಗೇ ಆಗುವುದು. ದಿಂಬು ನಡುವೆ ಉಬ್ಬಿದಾಗ ಬದಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮೂಲೆ ಮಾತ್ರ ಹೊರಗೆ ಉಳಿಯುತ್ತದೆ. ಆದ್ದರಿಂದ ಮೂಲೆಯನ್ನು ಮೊದಲೇ ಅರ್ಧ ಇಂಚು ಒಳಗೆ ತೆಗೆದುಕೊಳ್ಳಬೇಕು. ಬದಿಯ ಕಾಲು ಭಾಗದಿಂದ ಶುರುಮಾಡಿ ಮೂಲೆಯ ಕಡೆಗೆ ಗೆರೆಯನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ತನ್ನಿ, ಮೂಲೆ ತಲುಪುವಾಗ ಅರ್ಧ ಇಂಚು ಒಳಗಿರಲಿ. ಕಾಗದದ ಮೇಲೆ ನೋಡಿದರೆ ಚೌಕ ಸೊಟ್ಟಗಿದೆ ಅನ್ನಿಸುತ್ತದೆ. ದಿಂಬು ತುಂಬಿದ ಮೇಲೆ ನೆಟ್ಟಗಾಗುತ್ತದೆ. ಮಗುಚುವ ಮುಂಚೆ ಮೂಲೆಯ ಹೆಚ್ಚುವರಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ಹೊಲಿಗೆಗೆ ಎರಡು ಎಳೆ ಬಿಟ್ಟು. ಮೂಲೆಯನ್ನು ಹೊರಕ್ಕೆ ತಳ್ಳಲು ಕತ್ತರಿಯ ತುದಿ ಬಳಸುವವರನ್ನು ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಮುಚ್ಚಳ ಹಾಕಿದ ಪೆನ್ನು ಸಾಕು.

ಹೊಸ ಕೈ, ಬೆಂಗಳೂರು

ನನ್ನ ಅನುಭವವನ್ನೂ ಬರೆಯುತ್ತೇನೆ, ನಗಬೇಡಿ. ಒಂಟಿ ಮನೆ, ಒಂದು ದಿವಾನ, ಹಳೆಯ ಯಂತ್ರ ಕೊಂಡು ಎರಡು ತಿಂಗಳು. ಮೊದಲ ಕವರಿಗೆ ಜಿಪ್ ಹಾಕಿದೆ. ಜಿಪ್ ಬಹಳ ಚೆನ್ನಾಗಿ ಕೂತಿತು. ಆ ಖುಷಿಯಲ್ಲಿ ಪೂರ್ತಿ ಮುಚ್ಚಿ ಮುಂಬದಿಯನ್ನು ಮೇಲಿಟ್ಟು ನಾಲ್ಕೂ ಬದಿ ಹೊಲಿದುಬಿಟ್ಟೆ. ಮಗುಚಬೇಕು ಎಂದರೆ ಬಾಯಿ ಎಲ್ಲಿದೆ? ಜಿಪ್ ಎಳೆಯುವ ರನ್ನರು ಒಳಗೆ, ನಾನು ಹೊರಗೆ. ಬಟ್ಟೆಯ ಮೇಲಿನಿಂದಲೇ ಅದನ್ನು ಹಿಡಿದು ಹತ್ತು ನಿಮಿಷ ಎಳೆದಾಡಿ, ಕೊನೆಗೆ ಒಂದು ಬದಿ ಬಿಚ್ಚಿದೆ.

ಎರಡನೆಯದರಲ್ಲಿ ಕೆಳಗಿನ ದಾರ ಕುಣಿಕೆ ಕುಣಿಕೆಯಾಗಿ ಬಂತು. ಬಾಬಿನ್ ಸರಿಯಿಲ್ಲವೆಂದು ಮೂರು ಸಲ ಬಿಚ್ಚಿ ಸುತ್ತಿದೆ, ಹಾಗೇ ಬರುತ್ತಿತ್ತು.

ಕತ್ತರಿ ಟೇಪು, ದಾವಣಗೆರೆ

ಕೆಳಗೆ ಕುಣಿಕೆ ಬಂದರೆ ದೋಷ ಮೇಲಿನ ದಾರದ್ದು. ಬಿಗಿ ಹಿಡಿಯುವ ಎರಡು ಬಿಲ್ಲೆಗಳ ನಡುವೆ ದಾರ ಕೂತಿರುವುದಿಲ್ಲ. ಯಂತ್ರದ ಪಾದ ಮೇಲೆತ್ತಿ ಮತ್ತೆ ದಾರ ಹಾಕಿ. ಪಾದ ಕೆಳಗಿದ್ದಾಗ ಬಿಲ್ಲೆಗಳು ಅಂಟಿಕೊಂಡಿರುತ್ತವೆ, ದಾರ ಮೇಲೆಯೇ ನಿಲ್ಲುತ್ತದೆ. ಬಾಬಿನ್ ಪಾಪ, ಅದರದೇನೂ ತಪ್ಪಿಲ್ಲ.

ಜಿಪ್ಪನ್ನು ಯಾವತ್ತೂ ಅರ್ಧ ತೆರೆದಿಟ್ಟು ಉಳಿದ ಬದಿ ಹೊಲಿಯುವುದು. ಮೀಟರ್ ಲೆಕ್ಕದ ಜಿಪ್ ತಂದಿದ್ದರೆ ಎರಡೂ ತುದಿಗೆ ಅಡ್ಡ ಹೊಲಿಗೆ ಹಾಕಿ, ಇಲ್ಲದಿದ್ದರೆ ರನ್ನರು ಕೈಗೇ ಬರುತ್ತದೆ. ಇಂಥ ತೆಳುಬಟ್ಟೆಗೆ 3ನೆಯ ನಂಬರಿನ ಜಿಪ್ ಸಾಕು.

ಲೆಕ್ಕದ ಮೇಷ್ಟ್ರು, ತುಮಕೂರು

ಜಿಪ್ಪಿನ ರಗಳೆಯೇ ಬೇಡ ಎನ್ನುವವರಿಗೆ ಲಕೋಟೆಯ ಬೆನ್ನು ಇದೆ. ಹಿಂಬದಿಯನ್ನು ಎರಡು ತುಂಡಾಗಿ ಮಾಡಿ ಒಂದರ ಮೇಲೊಂದು ಹಾಯಿಸುವುದು. 17ರ ಮುಂಬದಿಗೆ 17 ಉದ್ದ, 12 ಅಗಲದ ಎರಡು ತುಂಡು. ಎರಡಕ್ಕೂ ಒಂದು ಅಂಚನ್ನು ಅರ್ಧರ್ಧ ಇಂಚಿನಂತೆ ಎರಡು ಮಡಿಕೆ ಮಡಚಿ ಹೊಲಿದರೆ ತಲಾ 11 ಉಳಿಯುತ್ತದೆ. ಸೇರಿ 22. ಅದರಲ್ಲಿ 17 ಕಳೆದರೆ ಹಾಯುವುದು 5 ಇಂಚು. ಮೂರಕ್ಕಿಂತ ಕಡಿಮೆಯಾದರೆ ದಿಂಬು ಇಣುಕುತ್ತದೆ.

ಬಟ್ಟೆ ಎಲ್ಲಿಂದ ಎಂದು ಕೇಳಬೇಡಿ. ಪ್ರತಿ ಮನೆಯ ಬೀರುವಿನ ಕೆಳಖಾನೆಯಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣಗಳ ಗಂಟು ಇದ್ದೇ ಇರುತ್ತದೆ. ನಮ್ಮ ಮನೆಯ ಒಂದು ಗಿಳಿಹಸಿರು ಕಣ ಗೌರಿ ಹಬ್ಬಕ್ಕೆ ಹೋಗಿ, ನಾಲ್ಕು ಮನೆ ಸುತ್ತಿ, ಒಂದು ಗೃಹಪ್ರವೇಶದಲ್ಲಿ ನಮಗೇ ವಾಪಸು ಬಂತು. ಮೂಲೆಯಲ್ಲಿ ಹೆಂಡತಿ ಹಾಕಿದ್ದ ಪೆನ್ನಿನ ಗುರುತಿನಿಂದ ತಿಳಿಯಿತು. ಅಂದೇ ಅದಕ್ಕೆ ಕುಶನ್ ಕವರಿನಲ್ಲಿ ಮುಕ್ತಿ ಕೊಟ್ಟೆವು. 80 ಸೆಂಟಿಮೀಟರಿನ ಕಣ, ಪನ್ನ 36 ಇಂಚು ಇದ್ದರೆ ಒಂದು ಪೂರ್ತಿ ಕವರು, ಹಿಂದೂ ಮುಂದೂ ಸೇರಿ, ಬರುತ್ತದೆ.

ದೂರದ ಮನೆ, ಜರ್ಮನಿ

ಗುಳೇದಗುಡ್ಡದ ಖಣ, ಅಲ್ಲಿ ಮಗ್ಗದಲ್ಲಿ ನೇಯುವ ರವಿಕೆ ಬಟ್ಟೆ, ತಂದಿಟ್ಟುಕೊಂಡು ಕೂತಿದ್ದೇನೆ. ಇಲ್ಲಿ ನಾನು ಕೊಂಡ ದಿಂಬುಗಳು 50 ಸೆಂಟಿಮೀಟರ್ ಚೌಕ, ಖಣದ ಪನ್ನ ಕಿರಿದು, ಒಂದು ತುಂಡಿನಲ್ಲಿ ಆಗುವುದಿಲ್ಲ. ಜೊತೆಗೆ ಕತ್ತರಿಸಿದ ಕಡೆಯೆಲ್ಲ ಎಳೆ ಬಿಡುತ್ತದೆ. ಅಂಚು ಕಟ್ಟುವ ಇಂಟರ್‌ಲಾಕ್ ಯಂತ್ರ ಇಲ್ಲ. ಇಲ್ಲಿ ಹೊಲಿಗೆಗೆ ಕೊಟ್ಟರೆ ಕೂಲಿಯಲ್ಲಿ ನಾಲ್ಕು ಹೊಸ ಕವರು ಬರುತ್ತವೆ.

ಧಾರವಾಡದವಳು

ಖಣದ ಅಂದವೇ ಅದರ ಅಂಚು. ನಡುವೆ ಖಣ, ಎರಡು ಬದಿಗೆ ಸಾದಾ ಕಪ್ಪು ಅಥವಾ ಮರೂನ್ ನೂಲು ಬಟ್ಟೆಯ ಪಟ್ಟಿ ಸೇರಿಸಿ 52 ಸೆಂಟಿಮೀಟರ್ ಮಾಡಿಕೊಳ್ಳಿ. ಜೋಡಿಸಿದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ, ಹಾಗೇ ನೇಯ್ದಂತೆ ಕಾಣುತ್ತದೆ.

ಎಳೆ ಬಿಡುವುದಕ್ಕೆ ಎರಡು ಸಲ ಹೊಲಿಯುವ ಕ್ರಮವಿದೆ. ಮೊದಲು ಒಳಮೈಗೆ ಒಳಮೈ ಸೇರಿಸಿ ತುದಿಯಲ್ಲಿ ಕಾಲಿಂಚು ಹೊಲಿಯಿರಿ. ಅಂಚನ್ನು ಸಣ್ಣಗೆ ಸಮ ಮಾಡಿ, ಮಗುಚಿ, ಇಸ್ತ್ರಿ ಒತ್ತಿ, ಈಗ ಹೊರಮೈಗೆ ಹೊರಮೈ ಇರುವಂತೆ ಮತ್ತೆ ಒಂದು ಹೊಲಿಗೆ. ಕತ್ತರಿಸಿದ ಅಂಚೆಲ್ಲ ಎರಡು ಹೊಲಿಗೆಗಳ ನಡುವೆ ಅಡಗುತ್ತದೆ. ಬಟ್ಟೆ ಸ್ವಲ್ಪ ಹೆಚ್ಚು ಬೇಕು, ಅಷ್ಟೇ.

ಮುತ್ತುಗದ ಹೂ, ಮೈಸೂರು

ಒಂದು ಹೊಸ ತೊಂದರೆ. ಮಾದರಪಾಟ ತಂದೆ, ನೆನೆಸಿದೆ, ಒಣಗಿಸಿದೆ. ಕತ್ತರಿಸುವ ಮೊದಲು ಕೆಂಪು ದಡಿಯ ಮೇಲೆ ಒದ್ದೆ ಬಿಳಿ ಕರವಸ್ತ್ರ ಇಟ್ಟು ಒತ್ತಿ ನೋಡಿದೆ, ಗುಲಾಬಿ ಆಯಿತು. ಇಷ್ಟು ವರ್ಷವಾದರೂ ಬಣ್ಣ ಬಿಡುತ್ತದೆಯೇ?

ಕಡಲತಡಿ, ಕುಂದಾಪುರ

ಕಲ್ಲುಪ್ಪಿನ ನೀರಿನಲ್ಲಿ ಒಂದು ರಾತ್ರಿ ಇಡಿ, ಬಣ್ಣ ನಿಲ್ಲುತ್ತದೆ.

ಅಡಿಕೆ ಚೊಗರು, ಸಾಗರ

ಕ್ಷಮಿಸಿ, ನಿಲ್ಲುವುದಿಲ್ಲ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸವಿದೆ, ಬಣ್ಣವನ್ನು ನೀರಿನಿಂದ ನೂಲಿನೊಳಕ್ಕೆ ದೂಡುತ್ತದೆ. ಹಾಕಿ ಮುಗಿದ ಮೇಲೆ ಅದಕ್ಕೆ ಬಣ್ಣವನ್ನು ಹಿಡಿದಿಡುವ ಶಕ್ತಿಯಿಲ್ಲ. ಉಪ್ಪುನೀರಿನಲ್ಲಿ ಬಿಡುವುದು ಕಡಿಮೆ ಕಾಣುತ್ತದೆ, ಬರೀ ನೀರಿಗೆ ಬಂದಾಗ ಮತ್ತೆ ಶುರು. ನಮ್ಮಲ್ಲಿ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಂಥ, ಅಂದರೆ ಅಡಿಕೆ ಬೇಯಿಸಿದ ನೀರಿನಂಥ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಆ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಬಣ್ಣ ಕಟ್ಟುವುದು ಎಷ್ಟು ಕಷ್ಟದ್ದೆಂದು ಗೊತ್ತು. ಹಿಡಿ ಉಪ್ಪಿನಲ್ಲಿ ಮುಗಿಯುವಂಥದ್ದಲ್ಲ.

ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ದಡಿಯನ್ನು ಪ್ರತ್ಯೇಕವಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ. ಆಮೇಲೂ ಬಿಟ್ಟರೆ ಬಿಳಿಯ ಬದಲು ಕೆಂಪು ಅಥವಾ ಕಪ್ಪು ಅಡಿಪದರ ಹಾಕಿ, ಬಿಟ್ಟದ್ದು ಕಾಣುವುದಿಲ್ಲ.

ಕಡಲತಡಿ, ಕುಂದಾಪುರ

ಇರಬಹುದು. ನಮ್ಮ ಅಮ್ಮ ನಲವತ್ತು ವರ್ಷ ಉಪ್ಪು ಹಾಕಿದ್ದಾರೆ, ನಾನು ಹಾಕುವುದನ್ನು ಬಿಡುವುದಿಲ್ಲ.

ಆದರೆ ದಿಂಬಿನ ಒಳಗೆ ಏನಿದೆ ಎಂದು ಯಾರೂ ಕೇಳಲಿಲ್ಲವಲ್ಲ. ನಮ್ಮಲ್ಲಿ ಬೂರುಗದ ಹತ್ತಿ ತುಂಬುತ್ತಿದ್ದರು. ಬೇಸಿಗೆಯಲ್ಲಿ ಸ್ವರ್ಗ, ಆಟಿ ತಿಂಗಳಲ್ಲಿ ಒದ್ದೆ ನಾಯಿಯ ವಾಸನೆ. ಮಳೆಗಾಲ ಮುಗಿದ ಮೊದಲ ಬಿಸಿಲಿಗೆ ದಿಂಬನ್ನೆಲ್ಲ ಅಂಗಳಕ್ಕೆ ಹಾಕಿ ಕೋಲಿನಿಂದ ಬಡಿಯುವುದೇ ಒಂದು ಹಬ್ಬ. ಆದ್ದರಿಂದ ಕರಾವಳಿಯವರು ಕವರನ್ನು ಸುಲಭವಾಗಿ ತೆಗೆಯುವಂತೆಯೇ ಹೊಲಿಯಬೇಕು. ನನ್ನ ಮತ ಲಕೋಟೆಗೆ. ಉಪ್ಪುಗಾಳಿಗೆ ಲೋಹದ ರನ್ನರು ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿದ್ದದ್ದು ನನ್ನ ಮನೆಯಲ್ಲೇ ಇದೆ.

ಧಾರವಾಡದವಳು

ತಂಗಿ, ಆ ತೇರಿನ ತುಂಡನ್ನು ಏನು ಮಾಡಿದಿರಿ?

ಮುತ್ತುಗದ ಹೂ, ಮೈಸೂರು

ಅದಕ್ಕೆ ಕತ್ತರಿ ಹಾಕಿಲ್ಲ ಅಕ್ಕಾ. ಸೆರಗಿನಿಂದ ಎರಡು ಗಜ ಹಾಗೆಯೇ ಇಟ್ಟು, ಅದರ ಆಚೆಯಿಂದ ಕತ್ತರಿಸಿದ್ದೇನೆ. ಅಮ್ಮ ಮುಂದಿನ ವಾರ ಬರುತ್ತಾರೆ, ಅವರು ಹೇಳಿದಂತೆ.

ಹನ್ನೆರಡು ದಿನಗಳ ಬಳಿಕ

ಮುತ್ತುಗದ ಹೂ, ಮೈಸೂರು

ನಾಲ್ಕು ಮುಗಿದವು. ಒಳತುದಿಯ ಕಪ್ಪು ಒಡಲು, ಕೆಳಬದಿಗೆ ಐದಿಂಚು ದಡಿ ಬರುವಂತೆ. ಅಡಿಪದರಕ್ಕೆ ಕೊನೆಗೆ ಕಪ್ಪು ಮಲ್. 11ರ ಸೂಜಿ, ಹತ್ತಿಯ ದಾರ, ಹೊಲಿಗೆ ಮೂರರಲ್ಲಿ. ಎರಡಕ್ಕೆ ಜಿಪ್, ಎರಡಕ್ಕೆ ಲಕೋಟೆ, ಯಾರ ಮಾತನ್ನೂ ತೆಗೆದುಹಾಕಿಲ್ಲ. ಮಗನನ್ನು ಕರೆದು ಬೇಕೆಂದೇ ಒರಗಿಸಿ ಎರಡು ಪಂದ್ಯ ತೋರಿಸಿದೆ. ಏನೂ ಆಗಿಲ್ಲ.

ಅಮ್ಮ ಬಂದರು. ತೇರಿನ ತುಂಡನ್ನು ನೋಡಿ ‘ಎಡಗಡೆಯ ಗೋಪುರದಲ್ಲಿ ಒಂದು ಎಳೆ ತಪ್ಪಿದೆ, ಅವಳಿಗೆ ಗೊತ್ತಿತ್ತು, ಬಿಚ್ಚಲಿಲ್ಲ’ ಎಂದರು. ನನಗೆ ಹದಿನೈದು ನಿಮಿಷ ಹುಡುಕಿದರೂ ಸಿಗಲಿಲ್ಲ. ಆ ತುಂಡನ್ನು ಮಡಚಿ ತಾವೇ ತೆಗೆದುಕೊಂಡು ಹೋದರು.

ಹರಿದ ಮೊದಲನೆಯ ಕವರನ್ನು ಎಸೆಯಲು ನಾನು ಎತ್ತಿಟ್ಟಿದ್ದೆ. ಅಮ್ಮ ರಾತ್ರಿ ಟಿವಿ ನೋಡುತ್ತಾ ಅದನ್ನು ಬಿಚ್ಚಿ, ಅಡಿಗೆ ನನ್ನ ಹಳೆಯ ದುಪಟ್ಟಾ ಇಟ್ಟು, ಸೀಳಿನ ಮೇಲೆ ದಡಿಯ ತುಂಡು ಮಡಚಿ, ಕೌದಿಯ ಹಾಗೆ ಕೈಯಲ್ಲೇ ಸಾಲು ಸಾಲು ಹೊಲಿಗೆ ಹಾಕಿದರು. ಎರಡು ರಾತ್ರಿಯ ಕೆಲಸ. ಈಗ ಮನೆಗೆ ಬಂದವರೆಲ್ಲ ಮೊದಲು ಎತ್ತಿಕೊಳ್ಳುವುದು ಅದನ್ನೇ. ನಾನು ಯಂತ್ರದಲ್ಲಿ ಹೊಲಿದ ನಾಲ್ಕನ್ನು ಯಾರೂ ಕೇಳುತ್ತಿಲ್ಲ. ಚಿತ್ರ ಹಾಕಿದ್ದೇನೆ, ಐದನ್ನೂ ಸಾಲಾಗಿ ಇಟ್ಟು.

ಯಲ್ಲಾಪುರದ ದಾರಿ

ಮೂಲೆಗೆ ಹೂವು ಹಾಕಿಲ್ಲ ನಿಮ್ಮ ಅಮ್ಮ. ಫೋನ್ ಮಾಡಿ ಹೇಳಿ.

ಕತ್ತರಿ ಟೇಪು, ದಾವಣಗೆರೆ

ದಡಿ ನಾಲ್ಕರಲ್ಲೂ ಒಂದೇ ಎತ್ತರದಲ್ಲಿ ಕೂತಿದೆ, ಒಳ್ಳೆಯದು. ಮೂರನೆಯದರ ಎಡ ಮೇಲ್ಮೂಲೆ ಇನ್ನೂ ಕಿವಿ ನಿಂತಿದೆ. ದೀಪಾವಳಿಗೆ ಇನ್ನೂ ಸಮಯವಿದೆ, ಬಿಚ್ಚಿ ಹೊಲಿಯಿರಿ.